ಉತ್ತಮ ಪುರುಷ ಬಕೆಟ್ ಹಿಡಿಯುವುದಿಲ್ಲ

ಕಳೆದ ವರ್ಷ ನಮ್ಮ ಕಚೇರಿಗೆ ಭುವನೇಶ್ವರದಿಂದ ಒಬ್ಬ ಸಹೋದ್ಯೋಗಿ ವರ್ಗವಾಗಿ ಬಂದರು. ಬೆಂಗಳೂರಿಗೆ ಬಂದ ಮೂರನೆಯ ವಾರಕ್ಕೇ ಕನ್ನಡ ತರಗತಿಗೆ ಸೇರಿ, ಕಿವಿಗೆ ಬಿದ್ದ ಪದಗಳನ್ನೆಲ್ಲ ನೀಲಿ ರಟ್ಟಿನ ಸಣ್ಣ ಪುಸ್ತಕವೊಂದರಲ್ಲಿ ಒಡಿಯಾ ಲಿಪಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ ಶಿಸ್ತಿನ ಹೆಣ್ಣುಮಗಳು. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಪಕ್ಕದ ಮೇಜಿನವರು ಯಾರನ್ನೋ ಕುರಿತು "ಅವನು ಬಿಡಪ್ಪ, ಸರಿಯಾಗಿ ಬಕೆಟ್ ಹಿಡೀತಾನೆ" ಎಂದದ್ದು ಅವರಿಗೆ ಕೇಳಿಸಿತು. "ಸರ್, ಬಕೆಟ್ ಹಿಡಿಯೋದು ಅಂದ್ರೆ ಏನು?" ಎಂದು ನನ್ನನ್ನು ಕೇಳಿದರು. ನಾನು ಬಾಯಲ್ಲಿದ್ದ ತುತ್ತನ್ನು ನುಂಗಿ, ಮೇಷ್ಟರ ಗತ್ತಿನಲ್ಲಿ, "ಮೇಲಿನವರನ್ನು ಓಲೈಸುವುದು" ಎಂದೆ. ಓಲೈಸುವುದೆಂದರೆ ಏನು ಎಂಬ ಪ್ರಶ್ನೆ ಬಂತು. "ಅವರಿಗೆ ಸಂತೋಷವಾಗುವ ಹಾಗೆ ನಡೆದುಕೊಳ್ಳುವುದು" ಎಂದೆ. ಅವರು ಅದನ್ನು ಒಂದಕ್ಷರ ಬಿಡದೆ ಬರೆದುಕೊಂಡರು.

ಹತ್ತು ದಿನಗಳ ಮೇಲೆ ನಮ್ಮ ವಾರದ ಸಭೆ ನಡೆಯಿತು. ಮ್ಯಾನೇಜರರು ಅವರ ಕನ್ನಡ ಕಲಿಕೆಯನ್ನು ಎಲ್ಲರೆದುರು ಮೆಚ್ಚಿ, ಎರಡು ಮಾತು ಕನ್ನಡದಲ್ಲೇ ಆಡಬೇಕೆಂದು ಕೇಳಿಕೊಂಡರು. ಅವರು ಎದ್ದು ನಿಂತು, ಉಸಿರೆಳೆದುಕೊಂಡು, ಸ್ಪಷ್ಟವಾದ ಉಚ್ಚಾರಣೆಯಲ್ಲಿ ಹೇಳಿದರು: "ಎಲ್ಲರಿಗೂ ಧನ್ಯವಾದ. ನಾನು ಸರ್‌ಗೆ ಚೆನ್ನಾಗಿ ಬಕೆಟ್ ಹಿಡಿಯುತ್ತೇನೆ. ಮುಂದೆಯೂ ಹಿಡಿಯುತ್ತೇನೆ." ಒಂದು ಕ್ಷಣ ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದಂತೆ ಮಾಡಿದರು, ಅದು ನಗೆಯಾಯಿತು, ನಗೆ ಸಾಲಿನಿಂದ ಸಾಲಿಗೆ ದಾಟಿ ಮ್ಯಾನೇಜರರನ್ನೂ ಮುಟ್ಟಿತು. ಪಾಪ, ಅವರು ನನ್ನ ಕಡೆಗೆ ನೋಡಿದರು. ನಾನು ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳವನ್ನು ಬಹಳ ಗಮನವಿಟ್ಟು ನೋಡುತ್ತಿದ್ದೆ.

ನಾನು ಹೇಳಿಕೊಟ್ಟ ಅರ್ಥದಲ್ಲಿ ತಪ್ಪೇನೂ ಇರಲಿಲ್ಲ. ಯಾವ ಪಂಡಿತರ ಮುಂದೆ ಇಟ್ಟರೂ ಒಪ್ಪುವಂಥದೇ. ಆದರೂ ಅವರಿಗೆ ಸುಳ್ಳು ಹೇಳಿಕೊಟ್ಟೆನೆಂಬ ಕಸಿವಿಸಿ ಬಹಳ ದಿನ ಕಾಡಿತು. ಕೊನೆಗೆ ಹೊಳೆದದ್ದು ಇಷ್ಟು. ಶಾಲೆಯಲ್ಲಿ ನಾವು ಮೂರು ಪುರುಷಗಳನ್ನು ಕಲಿತಿದ್ದೇವೆ: 'ನಾನು' ಎಂಬುದು ಉತ್ತಮ ಪುರುಷ, 'ನೀನು' ಎಂಬುದು ಮಧ್ಯಮ ಪುರುಷ, 'ಅವನು' ಎಂಬುದು ಪ್ರಥಮ ಪುರುಷ. ಬಕೆಟ್ ಹಿಡಿಯುವ ಕ್ರಿಯಾಪದ ಸಲೀಸಾಗಿ ಓಡಾಡುವುದು ಪ್ರಥಮ ಪುರುಷದಲ್ಲಿ ಮಾತ್ರ, ಅದೂ ಆ ಪುರುಷ ಕೋಣೆಯಿಂದ ಆಚೆ ಹೋದ ಮೇಲೆ. ಮಧ್ಯಮ ಪುರುಷಕ್ಕೆ ಬಂದರೆ ಒಂದೋ ಜಗಳವಾಗುತ್ತದೆ, ಇಲ್ಲವೇ ಮಾತಾಡುವವರಿಬ್ಬರೂ ಚಡ್ಡಿ ದೋಸ್ತಿಗಳಾಗಿರಬೇಕು. ಉತ್ತಮ ಪುರುಷದಲ್ಲಂತೂ ಅದು ಇಲ್ಲವೇ ಇಲ್ಲ. ಉತ್ತಮ ಪುರುಷರು ಯಾರೂ ಬಕೆಟ್ ಹಿಡಿಯುವುದಿಲ್ಲ. ಇದನ್ನು ಯಾವ ವ್ಯಾಕರಣವೂ ಹೇಳಿಲ್ಲ, ಆದರೆ ಕನ್ನಡದಲ್ಲಿ ಬೆಳೆದ ಹತ್ತು ವರ್ಷದ ಹುಡುಗನೂ ಇದರಲ್ಲಿ ತಪ್ಪುವುದಿಲ್ಲ. ನಾನು ಕೊಟ್ಟದ್ದು ಪದದ ಅರ್ಥ. ಆ ಪದವನ್ನು ಆಡುವವನು ಎಲ್ಲಿ ನಿಂತಿರುತ್ತಾನೆ, ಯಾರ ಬೆನ್ನನ್ನು ನೋಡುತ್ತಿರುತ್ತಾನೆ ಎಂಬುದು ನನ್ನ ವಿವರಣೆಯಿಂದ ಸೋರಿಹೋಗಿತ್ತು.

ಅದಾದ ಮೇಲೆ ನನಗೆ ನಮ್ಮ ಹಾಸ್ಟೆಲಿನ ದೂರು ಪುಸ್ತಕ ನೆನಪಿಗೆ ಬಂತು.

ದಾರದಲ್ಲಿ ತೂಗುತ್ತಿದ್ದ ಪುಸ್ತಕ

1990ರ ದಶಕದ ಕೊನೆಯಲ್ಲಿ ನಾನು ಮಧ್ಯ ಕರ್ನಾಟಕದ ಒಂದು ಊರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ನಮ್ಮ ಹಾಸ್ಟೆಲಿನಲ್ಲಿ ಬೀದರ ಕಡೆಯವರು, ಮಂಡ್ಯದವರು, ಕುಂದಾಪುರದವರು, ಶಿರಸಿಯವರು, ಹುಬ್ಬಳ್ಳಿಯವರು ಒಂದೇ ಹಂಡೆಯ ಸಾಂಬಾರು ಉಣ್ಣುತ್ತಿದ್ದೆವು, ಆದರೆ ಒಂದೇ ಕನ್ನಡ ಆಡುತ್ತಿರಲಿಲ್ಲ. ಮೊದಲ ತಿಂಗಳಲ್ಲೇ ಒಂದು ಗಲಾಟೆ ಆಯಿತು. ಶಿರಸಿಯ ಹುಡುಗನೊಬ್ಬ ಬಡಿಸಲು ಬಂದ ಭಟ್ಟರಿಗೆ "ಪಲ್ಯ ಅಡ್ಡಿಯಿಲ್ಲ ಭಟ್ರೇ" ಎಂದ. ಅವನ ಊರಿನಲ್ಲಿ ಅದು ಹೊಗಳಿಕೆ. ಮನಸ್ಸಿಗೆ ಬಂದಿದೆ ಎಂದು ಅರ್ಥ. ಬಯಲುಸೀಮೆಯ ಭಟ್ಟರಿಗೆ ಮಾತ್ರ ಅದು "ಏನೋ ನುಂಗಬಹುದು, ಸಾಯುವುದಿಲ್ಲ" ಎಂದ ಹಾಗೆ ಕೇಳಿಸಿತು. ಅವರು ಪಲ್ಯದ ಪಾತ್ರೆಯನ್ನು ಅಲ್ಲೇ ಕುಕ್ಕಿ ಒಳಗೆ ಹೋದವರು ಆ ಹೊತ್ತು ಹೊರಗೆ ಬರಲಿಲ್ಲ. ನಾವು ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ಎದ್ದೆವು.

ಊಟದ ಮನೆಯ ಗೋಡೆಗೆ ಮೊಳೆ ಹೊಡೆದು, ಸೆಣಬಿನ ದಾರದಲ್ಲಿ ಒಂದು ಇನ್ನೂರು ಪುಟದ ನೋಟ್ ಪುಸ್ತಕವನ್ನು ನೇತುಹಾಕಿದ್ದರು. ಮೇಲೆ 'ದೂರು ಪುಸ್ತಕ' ಎಂದು ಬರೆದಿತ್ತು. ಮೊದಲ ಹದಿನೈದು ಪುಟಗಳಲ್ಲಿ ನಿಜವಾದ ದೂರುಗಳೇ ಇದ್ದವು: ಅನ್ನದಲ್ಲಿ ಕಲ್ಲು, ನೀರಿನ ಟ್ಯಾಂಕಿನಲ್ಲಿ ಪಾಚಿ, ಭಾನುವಾರದ ಸಿಹಿ ಮೂರು ವಾರದಿಂದ ಕಾಣೆ. ಯಾರೂ ಓದುತ್ತಿರಲಿಲ್ಲ ಎಂಬುದಕ್ಕೆ ಪ್ರತಿ ದೂರಿನ ಕೆಳಗೂ ಇದ್ದ ಖಾಲಿ 'ಕ್ರಮ ಕೈಗೊಂಡ ದಿನಾಂಕ'ವೇ ಸಾಕ್ಷಿ. ಹದಿನಾರನೆಯ ಪುಟದಲ್ಲಿ, ಯಾರೆಂದು ಕೊನೆಗೂ ಗೊತ್ತಾಗದ ಒಬ್ಬ ಮಹಾನುಭಾವ ದೂರಿನ ಬದಲು ಒಂದು ಪದವನ್ನು ಬರೆದು, ಅದಕ್ಕೆ ನಿಘಂಟಿನ ಮಾದರಿಯಲ್ಲಿ ಅರ್ಥ ಕೊಟ್ಟಿದ್ದ:

*ಮುಳುಗುತಜ್ಞ (ನಾ): ಸಾಂಬಾರಿನ ಹಂಡೆಯಲ್ಲಿ ಕಾಣೆಯಾದ ಬದನೆಕಾಯಿಗಾಗಿ ಶೋಧ ನಡೆಸುವವನು.*

ಕೆರೆಗೋ ನದಿಗೋ ಬಿದ್ದವರನ್ನು ಹುಡುಕುವವರಿಗೆ ಪತ್ರಿಕೆಗಳು ಬಳಸುವ ಪದವದು. ಅದನ್ನು ಎತ್ತಿ ತಂದು ಸೌಟು ಹಿಡಿದವನ ಮೇಲೆ ಕೂರಿಸಿದ್ದೇ ತಡ, ಮರುದಿನದ ಮಧ್ಯಾಹ್ನದೊಳಗೆ ಇಡೀ ಹಾಸ್ಟೆಲಿಗೆ ಅದು ಹಳೆಯ ಪದವಾಗಿಹೋಯಿತು. ಸಂಜೆಗೆ ಬೇರೆ ಕೈಬರಹದಲ್ಲಿ ಎರಡನೆಯ ಅರ್ಥ ಸೇರಿತ್ತು: "2. ಶೋಧ ನಡೆಸಿ ಬರಿಗೈಯಲ್ಲಿ ಮರಳಿದವನು." ವಾರದೊಳಗೆ ಮೂರನೆಯದು: "3. ಪ್ರತಿ ಸೆಮಿಸ್ಟರಿನಲ್ಲೂ ಮುಳುಗಿ, ಹೇಗೋ ಮುಂದಿನ ವರ್ಷಕ್ಕೆ ತೇಲಿ ಬರುವವನು." ಈ ಪದದ ಮೇಲೆ ಒಂದು ವ್ಯಾಕರಣದ ಆಕ್ಷೇಪವೂ ಬಂತು. ಮಂಡ್ಯದ ಹುಡುಗನೊಬ್ಬ, ಪಿಯುಸಿಯಲ್ಲಿ ಕನ್ನಡಕ್ಕೆ ತೊಂಬತ್ತರ ಮೇಲೆ ಅಂಕ ತೆಗೆದವನು, ಅಂಚಿನಲ್ಲಿ ಹೀಗೆ ಬರೆದ: 'ಮುಳುಗು' ಅಚ್ಚಗನ್ನಡ, 'ತಜ್ಞ' ಸಂಸ್ಕೃತ, ಎರಡನ್ನೂ ಕೂಡಿಸಿದರೆ ಅರಿಸಮಾಸ, ದೋಷ. ಅದಕ್ಕೆ ಕೆಳಗೆ ಉತ್ತರವಿತ್ತು: "ಕೇಶಿರಾಜ ಬಿರುದುಗಳಿಗೆ ವಿನಾಯಿತಿ ಕೊಟ್ಟಿದ್ದಾನೆ. ಇದು ಬಿರುದು." ಹದಿಮೂರನೆಯ ಶತಮಾನದ ಶಬ್ದಮಣಿದರ್ಪಣವನ್ನು ಸಾಂಬಾರಿನ ಹಂಡೆಯ ಪಕ್ಕದಲ್ಲಿ ಅಷ್ಟು ಸರಿಯಾಗಿ ಪ್ರಯೋಗಿಸಿದ್ದನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ.

ಬೇಗನೆ ಪುಸ್ತಕಕ್ಕೆ ತನ್ನದೇ ನಿಯಮಗಳು ಹುಟ್ಟಿಕೊಂಡವು, ಯಾರೂ ಮಾಡದೆಯೇ. ಹಿಂದಿನವನು ಬರೆದ ಅರ್ಥವನ್ನು ಹೊಡೆದುಹಾಕುವಂತಿಲ್ಲ. ಒಪ್ಪದಿದ್ದರೆ ಮುಂದಿನ ಸಂಖ್ಯೆ ಹಾಕಿ ಬರೆಯಬೇಕು. ಹೆಸರು ಹಾಕುವಂತಿಲ್ಲ. ಯಾರ ಮೇಲೆ ಪದ ಕಟ್ಟಲಾಗಿದೆಯೋ ಅವನೂ ಓದಿ ನಗುವಂತಿರಬೇಕು, ಇಲ್ಲದಿದ್ದರೆ ಉಳಿದವರೇ ಆ ಪುಟವನ್ನು ಸಾರಿನ ಕೈಯಿಂದ ಒರೆಸಿ ಓದಲಾಗದಂತೆ ಮಾಡುತ್ತಿದ್ದರು. ಹೀಗೆ ಸಾರಿನಲ್ಲಿ ಸತ್ತ ಪದಗಳು ಹತ್ತಾರಿದ್ದವು. ಅವುಗಳಲ್ಲಿ ಜಾತಿಯನ್ನೋ ಮೈಬಣ್ಣವನ್ನೋ ಹಿಡಿದು ಕಟ್ಟಿದವೇ ಹೆಚ್ಚು. ಉಳಿದವುಗಳಲ್ಲಿ ನನಗೆ ಈಗಲೂ ಬಾಯಿಪಾಠವಿರುವವು ಇವು:

*ಪುನರ್ಜನ್ಮ (ನಾ): ನಿನ್ನೆ ಇಡ್ಲಿಯಾಗಿದ್ದುದು ಇಂದು ಉಪ್ಪಿಟ್ಟಾಗಿ ಬಂದಿರುವುದು. ಕರ್ಮ ಇನ್ನೂ ಉಳಿದಿದ್ದರೆ ಸಂಜೆ ಬೋಂಡಾ.*

*ಬೈಟು (ಗು): 1. ಒಬ್ಬನ ದುಡ್ಡಿನಲ್ಲಿ ಇಬ್ಬರು ಕುಡಿಯುವ (ಕಾಫಿ). 2. ಒಬ್ಬ ಓದಿ ಇಬ್ಬರು ಬರೆಯುವ (ಪರೀಕ್ಷೆ). 3. ಇಬ್ಬರು ನೋಡಿ ಒಬ್ಬಳೂ ತಿರುಗಿ ನೋಡದ (ಪ್ರೇಮ).*

*ಅಡ್ಡಿಯಿಲ್ಲ (ಅ): ಶಿರಸಿ - ಚೆನ್ನಾಗಿದೆ. ಹುಬ್ಬಳ್ಳಿ - ಆಗಲಿ. ಮಂಡ್ಯ - ಏನು ಹೇಳ್ತಾ ಇದೀಯ? ಭಟ್ಟರು - ಇವತ್ತು ಮಜ್ಜಿಗೆ ಮಾತ್ರ.*

ಕೊನೆಯದನ್ನು ಓದಿ ಅರ್ಥ ಮಾಡಿಕೊಳ್ಳಲು ಅಂದಿನ ಪಲ್ಯದ ಪ್ರಸಂಗ ಗೊತ್ತಿರಬೇಕು. ನನ್ನ ಸಹೋದ್ಯೋಗಿಯ ಪ್ರಸಂಗದ ಮೇಲೆ ನನಗೆ ತಿಳಿದ ಮಾತೂ ಇದೇ. ಸಾಧಾರಣ ನಿಘಂಟನ್ನು ಬರೆಯುವುದು ಪದ ಗೊತ್ತಿಲ್ಲದವರಿಗಾಗಿ. ನಮ್ಮ ದೂರು ಪುಸ್ತಕವನ್ನು ಬರೆದದ್ದು ಪದ ಈಗಾಗಲೇ ಗೊತ್ತಿದ್ದವರಿಗಾಗಿ. ಅಲ್ಲಿ ಅರ್ಥವೆಂಬುದು ಮಾಹಿತಿಯಲ್ಲ, 'ನೀನೂ ಅಲ್ಲಿದ್ದೆಯಲ್ಲ' ಎಂಬ ಕಣ್ಸನ್ನೆ. ಬಕೆಟ್ಟಿನ ಅರ್ಥವನ್ನು ನಾನು ಮೊದಲನೆಯ ಬಗೆಯ ನಿಘಂಟಿನಂತೆ ಹೇಳಿಕೊಟ್ಟೆ, ಆದರೆ ಆ ಪದ ಸೇರಿದ್ದು ಎರಡನೆಯ ಪುಸ್ತಕಕ್ಕೆ.

ಪುಸ್ತಕದ ಕೊನೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಕನ್ನಡದಲ್ಲಿ 'ಇಸು' ಎಂಬ ಪ್ರತ್ಯಯವಿದೆಯಲ್ಲ, ಅದರಷ್ಟು ಉದಾರಿ ಮತ್ತೊಂದಿಲ್ಲ. ಯಾವ ನಾಮಪದ ಬಂದು ನಿಂತರೂ ಕ್ರಿಯಾಪದ ಮಾಡಿ ಕಳಿಸುತ್ತದೆ. ಈಚಿನ ಕಾಲದ 'ಗೂಗಲಿಸು' ಅದರದೇ ಕೈಗುಣ. ನಮ್ಮ ಮನೆಯಲ್ಲಿ 'ಭಾವಿಸು' ಎಂಬುದಕ್ಕೆ ಬೇರೆಯೇ ಅರ್ಥವಿತ್ತು. ಅಕ್ಕನ ಗಂಡ, ಅಂದರೆ ನಮ್ಮ ಭಾವ, ಯಾವ ಕೆಲಸ ಹೇಳಿದರೂ ಜಗುಲಿಯ ಕಂಬಕ್ಕೆ ಒರಗಿ ಯೋಚನೆ ಮಾಡುತ್ತ ಕೂರುವವರು. ಅಮ್ಮ ನಮಗೆ "ಭಾವಿಸ್ತಾ ಕೂರಬೇಡ, ಏಳು, ಹಾಲು ತಗೊಂಡು ಬಾ" ಎನ್ನುತ್ತಿದ್ದರು. ಹಾಸ್ಟೆಲಿನಲ್ಲಿ ಇದೇ ಯಂತ್ರದಿಂದ ಹೊರಬಂದದ್ದು 'ವಾರ್ಡನಿಸು':

*ವಾರ್ಡನಿಸು (ಕ್ರಿ): ಬಾಗಿಲು ತಟ್ಟದೆ ಒಳಗೆ ಬರು, ಬಂದ ಕೆಲಸ ಮರೆತು ಬಕೆಟ್ಟು, ಮಗ್ಗು ಎಣಿಸು.*

ನಮ್ಮ ವಾರ್ಡನ್ ಹಾಗೆಯೇ ಇದ್ದರು. ಹಾಸ್ಟೆಲಿನ ಬಕೆಟ್ಟುಗಳು ಕಳುವಾಗುತ್ತಿದ್ದುದರಿಂದ ಅವರಿಗೆ ಎಣಿಸುವುದು ಚಟವಾಗಿತ್ತು. ವರ್ಷವಿಡೀ ಆ ಪದ ಎಲ್ಲ ಕಾಲಗಳಲ್ಲೂ, ಎಲ್ಲ ವಚನಗಳಲ್ಲೂ ಓಡಾಡಿತು. "ನಿನ್ನೆ ರಾತ್ರಿ ನಮ್ಮ ರೂಮನ್ನು ವಾರ್ಡನಿಸಿದರು" ಎಂದರೆ ಮಲಗಿದ್ದವನೂ ಎದ್ದು ಕುಳಿತು ಕಥೆ ಕೇಳುತ್ತಿದ್ದ. ಒಂದು ದಿನ ಬೆಳಿಗ್ಗೆ ಮೊಳೆಯಲ್ಲಿ ದಾರ ಮಾತ್ರ ಇತ್ತು, ಪುಸ್ತಕ ಇರಲಿಲ್ಲ. ವಾರ್ಡನ್ ಒಯ್ದರೆಂದು ಭಟ್ಟರು ಹೇಳಿದಾಗ, ಬರೆದವರು ಬರೆಯದವರು ಎಲ್ಲರಿಗೂ ಅವತ್ತಿನ ಉಪ್ಪಿಟ್ಟು ಗಂಟಲಲ್ಲಿ ಇಳಿಯಲಿಲ್ಲ. ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಪುಸ್ತಕ ತನ್ನ ಜಾಗದಲ್ಲಿ ಮತ್ತೆ ತೂಗುತ್ತಿತ್ತು. ಓಡಿಹೋಗಿ ತೆಗೆದು ನೋಡಿದೆವು. ಅವರು ಕೆಂಪು ಶಾಯಿಯಲ್ಲಿ ಹನ್ನೊಂದು ಕಡೆ ಕಾಗುಣಿತ ತಿದ್ದಿದ್ದರು. ಅಲ್ಪಪ್ರಾಣಗಳಿಗೆ ಮಹಾಪ್ರಾಣ ಕೊಟ್ಟಿದ್ದರು. 'ವಾರ್ಡನಿಸು' ಎಂಬಲ್ಲಿ, ನಮ್ಮದೇ ನಿಯಮ ಪಾಲಿಸಿ, ಮೇಲಿನದನ್ನು ಹೊಡೆಯದೆ ಕೆಳಗೆ ಬರೆದಿದ್ದರು: "2. ಹತ್ತೊಂಬತ್ತನೆಯ ರೂಮಿನಲ್ಲಿ ನಾಲ್ಕು ಬಕೆಟ್ಟು ಕಂಡರೂ ಸುಮ್ಮನಿರು."

ನಾವು ಬಿದ್ದು ಬಿದ್ದು ನಕ್ಕೆವು. ಹತ್ತೊಂಬತ್ತನೆಯ ರೂಮಿನವರು ಆ ರಾತ್ರಿಯೇ ಎರಡು ಬಕೆಟ್ಟುಗಳನ್ನು ಬಚ್ಚಲಿನಲ್ಲಿ ತಂದಿಟ್ಟರು. ಆದರೆ ಅಂದಿನಿಂದ ಆ ಪದವನ್ನು ಯಾರೂ ಆಡಲಿಲ್ಲ. ಯಾರೂ ಬೇಡವೆಂದಿರಲಿಲ್ಲ. ಒಮ್ಮೆ ಅಭ್ಯಾಸಬಲದಿಂದ ನಾನು 'ವಾರ್ಡನಿಸಿದರು' ಎಂದಾಗ ಎದುರಿಗಿದ್ದವರು ನಗಲಿಲ್ಲ, ಹಳಸಿದ್ದನ್ನು ಬಡಿಸಿದಂತೆ ಮುಖ ಮಾಡಿದರು. ಯಾರ ಬೆನ್ನ ಹಿಂದೆ ಆಡಲೆಂದು ಪದ ಹುಟ್ಟಿತ್ತೋ ಅವರೇ ಮುಂದೆ ಬಂದು ಅದಕ್ಕೆ ಅರ್ಥ ಬರೆದುಕೊಟ್ಟ ಮೇಲೆ ಅದರಲ್ಲಿ ಇನ್ನೇನು ಉಳಿದಿರುತ್ತದೆ? ಶಿಕ್ಷೆ ಕೊಟ್ಟಿದ್ದರೆ ಆ ಪದ ಇಂದಿಗೂ ಅಲ್ಲಿ ಬದುಕಿರುತ್ತಿತ್ತು. ನಮ್ಮ ವಾರ್ಡನ್ ಜಾಣರು.

ಮೋಸಹೋದವನ ಅಲಂಕಾರ

ನಾಲ್ಕು ಗೋಡೆಗಳ ಒಳಗಿನ ಈ ಆಟ ಊರಿನ ಆಟವೂ ಹೌದು. ಸುಳ್ಳು ಮತ್ತು ಮೋಸಗಳ ಸುತ್ತ ನಮ್ಮ ಜನ ಕಟ್ಟಿಕೊಂಡಿರುವ ಮಾತುಗಳನ್ನೇ ನೋಡಿ. ಸುಳ್ಳು ಹೇಳುವುದಕ್ಕೆ ಸಂಬಂಧಿಸಿದವೆಲ್ಲ ಬಿಡುವ, ಹಾರಿಸುವ ಕ್ರಿಯೆಗಳು: ಬುರುಡೆ ಬಿಡುತ್ತಾರೆ, ರೀಲು ಬಿಡುತ್ತಾರೆ, ಓಳು ಬಿಡುತ್ತಾರೆ, ಬಂಡಲ್ ಬಿಡುತ್ತಾರೆ, ಕಾಗೆ ಹಾರಿಸುತ್ತಾರೆ. ಇವೆಲ್ಲ ಒಂದೇ ಎಂದು ಹೊರಗಿನವರಿಗೆ ಅನ್ನಿಸಬಹುದು, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ನೋಡಿದರೆ ಕಿವಿ ಒಪ್ಪುವುದಿಲ್ಲ. ರೀಲಿಗೆ ಉದ್ದ ಬೇಕು. ನಾಯಕ, ಹೊಡೆದಾಟ, ಮಧ್ಯಂತರ ಎಲ್ಲ ಇರುವ ಸುಳ್ಳು ಅದು. ಕಾಗೆ ಚಿಕ್ಕದು, ತಕ್ಷಣ ಹಾರಬೇಕು, "ದಾರಿಯಲ್ಲಿ ಗಾಡಿ ಪಂಕ್ಚರ್ ಆಯ್ತು" ಎಂಬ ಮಾದರಿಯದು. ಬುರುಡೆಯಲ್ಲಿ ಹೇಳುವವನ ಬಡಾಯಿ ಸೇರಿರಬೇಕು.

ಇನ್ನು ಮೋಸಹೋದವನ ವಿಷಯಕ್ಕೆ ಬಂದರೆ ಹಾರುವುದು ನಿಲ್ಲುತ್ತದೆ, ಎಲ್ಲವೂ ಅವನ ಮೈಮೇಲೆ ಬಂದು ಕೂರುತ್ತವೆ. ಕಿವಿಯ ಮೇಲೆ ಹೂವು. ತಲೆಗೆ ಟೋಪಿ. ಹಣೆಗೆ ನಾಮ. ಮೂಗಿಗೆ ತುಪ್ಪ. ಕಣ್ಣಿಗೆ ಮಣ್ಣು. ಮೊಣಕೈಗೆ ಬೆಲ್ಲ. ಕೊನೆಗೆ ಅಂಗೈಗೆ ಚಿಪ್ಪು ಅಥವಾ ಚೊಂಬು. ಒಬ್ಬನನ್ನು ಇಷ್ಟು ಸಾಂಗವಾಗಿ ಸಿಂಗರಿಸಿ ಬೀದಿಗೆ ಬಿಟ್ಟ ಭಾಷೆ ಇನ್ನೊಂದಿದೆಯೋ ಇಲ್ಲವೋ, ನನಗಂತೂ ಮದುವಣಿಗನನ್ನು ಬಿಟ್ಟರೆ ಮೋಸಹೋದವನೇ ಕನ್ನಡದಲ್ಲಿ ಹೆಚ್ಚು ಅಲಂಕಾರ ಪಡೆದವನೆಂದು ತೋರುತ್ತದೆ. ಪ್ರತಿಯೊಂದಕ್ಕೂ ತನ್ನದೇ ಲೆಕ್ಕವಿದೆ. ಟೋಪಿ ಮತ್ತು ನಾಮದಲ್ಲಿ ದುಡ್ಡು ಹೋಗಿರಬೇಕು. ಹೂವಿನಲ್ಲಿ ದುಡ್ಡು ಹೋಗದೆಯೂ ಮಾನ ಹೋಗಬಹುದು. ತುಪ್ಪ ಮತ್ತು ಬೆಲ್ಲ ಇನ್ನೂ ಕ್ರೂರ, ಏಕೆಂದರೆ ಅಲ್ಲಿ ಕೊಟ್ಟದ್ದು ನಿಜವೇ. ತುಪ್ಪದ ವಾಸನೆ ಬರುತ್ತದೆ, ಬೆಲ್ಲ ಕಣ್ಣಿಗೆ ಕಾಣುತ್ತದೆ, ನಾಲಿಗೆ ಮಾತ್ರ ಮುಟ್ಟುವುದಿಲ್ಲ.

ಇಂಥ ಮಾತುಗಳು ಮಾತಾಗಿ ಉಳಿಯದೆ ವಸ್ತುವಾಗಿಯೇ ಎದುರಿಗೆ ಬಂದ ಎರಡು ಸಂದರ್ಭಗಳು ಈಚಿನವು. 2023ರ ಫೆಬ್ರುವರಿ 17ರಂದು ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ವಿಧಾನಸಭೆಯಲ್ಲಿ ಬಜೆಟ್ ಮಂಡಿಸುವಾಗ, ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರೂ ಅವರ ಪಕ್ಷದ ಶಾಸಕರೂ ಕಿವಿಯ ಮೇಲೆ ಹೂವು ಇಟ್ಟುಕೊಂಡು ಬಂದು ಕುಳಿತರು. ಒಂದು ಮಾತೂ ಆಡಬೇಕಾಗಿರಲಿಲ್ಲ. ರಾಜ್ಯದ ಯಾವ ಮೂಲೆಯಲ್ಲಿ ಟಿವಿ ನೋಡುತ್ತಿದ್ದವನಿಗೂ ತಿಳಿಯಿತು. ಕನ್ನಡ ಬಾರದವರಿಗೆ ಅದನ್ನು ವಿವರಿಸಲು ಹೊರಟರೆ ಅರ್ಧ ಪುಟ ಬೇಕು, ಅರ್ಧ ಪುಟ ಓದಿದ ಮೇಲೂ ಅವರಿಗೆ ನಗು ಬರುವುದಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಚೊಂಬಿನ ಸರದಿ. ಕೇಂದ್ರ ಸರ್ಕಾರ ರಾಜ್ಯಕ್ಕೆ ಕೊಟ್ಟದ್ದು ಇದು ಎಂದು ಕಾಂಗ್ರೆಸ್ ಪಕ್ಷ ಖಾಲಿ ಚೊಂಬಿನ ಚಿತ್ರವನ್ನು ಜಾಹೀರಾತಿನಲ್ಲಿ ಅಚ್ಚು ಹಾಕಿಸಿತು. ಅದಾದ ಸ್ವಲ್ಪದರಲ್ಲೇ ಎಚ್.ಡಿ. ದೇವೇಗೌಡರು ಚಿಕ್ಕಬಳ್ಳಾಪುರದಲ್ಲಿ, ಪ್ರಧಾನಿಯವರಿದ್ದ ವೇದಿಕೆಯಿಂದಲೇ, ಆ ಚೊಂಬು ಅಕ್ಷಯ ಪಾತ್ರೆಯಾಗಿದೆ ಎಂದು ತಿರುಗಿಸಿದರು. ಯಾರ ವಾದ ಸರಿಯೆಂಬುದು ಇಲ್ಲಿ ನನ್ನ ವಿಷಯವಲ್ಲ. ನನ್ನ ಕುತೂಹಲವಿರುವುದು ಆ ಆಟದ ಬಗೆಯಲ್ಲಿ: ಒಬ್ಬರು ಒಂದನೆಯ ಅರ್ಥ ಬರೆದರು, ಇನ್ನೊಬ್ಬರು ಅದನ್ನು ಅಳಿಸಲಾರದೆ ಕೆಳಗೆ ಎರಡನೆಯ ಸಂಖ್ಯೆ ಹಾಕಿ ಬರೆದರು. ನಮ್ಮ ವಾರ್ಡನ್ ಗೆದ್ದ ಹಾಗೆ ಈ ಎರಡನೆಯ ಅರ್ಥ ಗೆಲ್ಲಲಿಲ್ಲವೆಂದು ನನ್ನ ಅನಿಸಿಕೆ. ಊರಿನಲ್ಲಿ ಈಗಲೂ ಬರಿಗೈಯಲ್ಲಿ ಬಂದವನು "ಚೊಂಬು" ಎಂದೇ ಕೈ ತಿರುಗಿಸಿ ತೋರಿಸುತ್ತಾನೆ. ಅಲ್ಲಿ ಒಂದು ವ್ಯತ್ಯಾಸವಿದೆ: ವಾರ್ಡನ್ ತಮ್ಮನ್ನು ಕುರಿತ ಪದಕ್ಕೆ ತಾವೇ ನಗಾಡಿ ಅರ್ಥ ಬರೆದರು, ದೇವೇಗೌಡರದು ಚೊಂಬನ್ನು ತುಂಬಿಸುವ ಯತ್ನ. ತುಂಬಿದ ಚೊಂಬಿನಿಂದ ಯಾರಿಗೂ ನಗು ಬರುವುದಿಲ್ಲ.

ಅನರ್ಥ

ಅರ್ಥ ಬರೆಯುವ ಈ ತುಂಟಾಟಕ್ಕೆ ಅಚ್ಚಿನ ಕನ್ನಡದಲ್ಲೂ ಒಬ್ಬ ಹಿರಿಯರಿದ್ದಾರೆ. ಡಾ. ಎಂ. ಶಿವರಾಂ, ಅಂದರೆ ರಾಶಿ, 1942ರಲ್ಲಿ ಆರಂಭಿಸಿದ 'ಕೊರವಂಜಿ' ಹಾಸ್ಯ ಪತ್ರಿಕೆಯ ಬಳಗದಲ್ಲಿದ್ದ ನಾ. ಕಸ್ತೂರಿಯವರು, ಕನ್ನಡ ಪದಗಳಿಗೆ ಅಡ್ಡದಾರಿಯ ಅರ್ಥಗಳನ್ನು ಕೊಡುತ್ತ ಹೋಗಿ 'ಅನರ್ಥಕೋಶ'ವನ್ನೇ ಕಟ್ಟಿದರು. ಆ ಹೆಸರಿನಲ್ಲೇ ಆಟವೆಲ್ಲ ಇದೆ. ಅರ್ಥವಲ್ಲದ್ದೂ ಅನರ್ಥ, ಅನಾಹುತವೂ ಅನರ್ಥ. ಇಲ್ಲಿ ನನ್ನ ವಾದಕ್ಕೆ ಒಂದು ತೊಡಕು ಎದುರಾಗುತ್ತದೆ. ಒಳಗಿನವರು ಒಳಗಿನವರಿಗಾಗಿ ಆಡುವ ಆಟವಿದು ಎಂದು ನಾನು ಇಷ್ಟು ಹೊತ್ತು ಹೇಳಿದೆ, ಆದರೆ ಕಸ್ತೂರಿಯವರು ಕೇರಳದವರು. ಅವರ ಮನೆಮಾತು ಮಲಯಾಳ. ಮೈಸೂರಿಗೆ ಅಧ್ಯಾಪಕರಾಗಿ ಬಂದ ಮೇಲೆ ಕನ್ನಡ ಕಲಿತವರು.

ಯೋಚಿಸಿದರೆ ಅದು ಅಷ್ಟೇನೂ ವಿಚಿತ್ರವಲ್ಲ. ಹುಟ್ಟಿನಿಂದ ಬಂದ ಮಾತಿನ ಬೆಸುಗೆಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ. 'ಸಖತ್' ಎನ್ನುವಾಗ ಗಟ್ಟಿ, ಕಠಿಣ ಎಂಬ ಅರ್ಥದ ಪಾರಸಿಯ 'ಸಖ್ತ್' ನಮ್ಮ ನಾಲಿಗೆಯ ಮೇಲೆ ಕುಳಿತು ಮೆತ್ತಗಾಗಿರುವುದು ನಮಗೆ ತಿಳಿಯುವುದಿಲ್ಲ. "ಮೆತ್ತಗೆ ಸಖತ್ತಾಗಿದೆ ಇಡ್ಲಿ" ಎಂದು ಹೇಳಿ ನಾವು ಮುಂದೆ ಹೋಗುತ್ತೇವೆ. ಹೊಗೆ ಉಗುಳುವ ಹಳೆಯ ಬಸ್ಸನ್ನು 'ಡಕೋಟಾ' ಎನ್ನುವವರಲ್ಲಿ ಎರಡನೆಯ ಮಹಾಯುದ್ಧದ ಕಾಲದ ಆ ವಿಮಾನವನ್ನು ಕಂಡವರು ಎಷ್ಟು ಜನ? 'ಕೊರೆಯಬೇಡ' ಎಂದು ಗೆಳೆಯನ ಬಾಯಿ ಮುಚ್ಚಿಸುವಾಗ, ಬೇಸರಕ್ಕೂ ಬಾವಿ ತೋಡುವುದಕ್ಕೂ ಇಂಗ್ಲಿಷಿನಲ್ಲಿ 'ಬೋರ್' ಎಂಬ ಒಂದೇ ಸದ್ದು ಇದೆಯೆಂಬುದು ನೆನಪಾಗುವುದಿಲ್ಲ. ಹೊರಗಿನಿಂದ ಬಂದು ಕಷ್ಟಪಟ್ಟು ಕಲಿತವನಿಗೆ ಇವೆಲ್ಲ ಕಾಲಿಗೆ ಎಡವುತ್ತವೆ, ಎಡವಿದವನೇ ಬಗ್ಗಿ ಕಲ್ಲನ್ನು ನೋಡುತ್ತಾನೆ. 1991ರಲ್ಲಿ ಪ್ರಜಾವಾಣಿಯಲ್ಲಿ ಆರಂಭವಾದ 'ಇಗೋ ಕನ್ನಡ' ಅಂಕಣದಲ್ಲಿ ಜಿ. ವೆಂಕಟಸುಬ್ಬಯ್ಯನವರು ವರ್ಷಾನುಗಟ್ಟಲೆ ಓದುಗರ ಪ್ರಶ್ನೆಗಳಿಗೆ ಉತ್ತರ ಕೊಟ್ಟರಲ್ಲ, ಅವನ್ನು ಓದುವಾಗಲೂ ನನಗೆ ಹೀಗೇ ಅನ್ನಿಸುತ್ತಿತ್ತು. ಕೇಳಿದವರಿಗೆ ಪದವನ್ನು ಬಳಸುವುದು ಚೆನ್ನಾಗಿಯೇ ಗೊತ್ತಿರುತ್ತಿತ್ತು. ಯಾವುದೋ ಒಂದು ದಿನ, ಯಾವುದೋ ಕಾರಣಕ್ಕೆ, ಅದನ್ನು ಎಡವಿರುತ್ತಿದ್ದರು.

ಬಂದೆ

ಸಭೆಯ ಆ ದಿನ ಸಂಜೆ ನಾನು ನನ್ನ ಸಹೋದ್ಯೋಗಿಯ ಬಳಿ ಹೋಗಿ ಕ್ಷಮೆ ಕೇಳಿದೆ. ಬಕೆಟ್ಟಿನ ಕಥೆಯನ್ನು ಸರಿಯಾಗಿ ಹೇಳಿದೆ: ಸಾಹೇಬರು ಸ್ನಾನಕ್ಕೆ ಹೊರಟಾಗ ಯಾರೂ ಹೇಳದಿದ್ದರೂ ಹಿಂದೆಯೇ ನೀರಿನ ಬಕೆಟ್ ಹಿಡಿದು ಓಡುವವನನ್ನು ನೆನೆಸಿಕೊಳ್ಳಿ, ಓಡುವಾಗ ಅವನು ಸುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡುವುದನ್ನೂ ನೆನೆಸಿಕೊಳ್ಳಿ ಎಂದೆ. ಮೂಲ ಕಥೆ ಅದೇ ಹೌದೋ ಅಲ್ಲವೋ, ಗೆಳೆಯನೊಬ್ಬ ನನಗೆ ಹಾಗೆ ಹೇಳಿಕೊಟ್ಟಿದ್ದ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನೀಲಿ ಪುಸ್ತಕದಲ್ಲಿ ಹಳೆಯ ಅರ್ಥವನ್ನು ಹೊಡೆದುಹಾಕಲಿಲ್ಲ. ಪಕ್ಕದಲ್ಲಿ ಒಬ್ಬ ಓಡುವ ಮನುಷ್ಯನ ಚಿತ್ರ ಬರೆದುಕೊಂಡರು.

ಎರಡು ತಿಂಗಳಾಗಿರಬಹುದು, ಒಂದು ಬೆಳಿಗ್ಗೆ ಅವರೇ ಪುಸ್ತಕ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು. "ಸರ್, ನಾನು ಒಂದು ಪದ ಮಾಡಿದೀನಿ. ಸರೀನಾ ನೋಡಿ." ಅವರ ತೊಡಕು ಹೀಗಿತ್ತು. ಕನ್ನಡಿಗರು ಹೊರಡುವಾಗ 'ಬರ್ತೀನಿ' ಎನ್ನುತ್ತಾರೆ, ಅಂದರೆ ಹೋಗುತ್ತಾರೆ. ಫೋನಿನಲ್ಲಿ 'ಬಂದೆ' ಎನ್ನುತ್ತಾರೆ, ಅಂದರೆ ಇನ್ನೂ ಮನೆಯಲ್ಲೇ ಇರುತ್ತಾರೆ. ಮನೆಯ ಕೊಳಾಯಿ ಸರಿ ಮಾಡಲು ಬರಬೇಕಾಗಿದ್ದವನು ಒಂದು ವಾರ ದಿನಕ್ಕೆ ಮೂರು ಸಲ 'ಬಂದೆ ಮೇಡಂ' ಎಂದಿದ್ದನಂತೆ. ಭೂತಕಾಲದ ಕ್ರಿಯಾಪದವನ್ನು ಭವಿಷ್ಯಕ್ಕೂ ಬಾರದ ಕಡೆಗೆ ಬಳಸುವ ಈ ಜನರಿಗೊಂದು ಹೆಸರಿರಬೇಕೆಂದು ಅವರಿಗೆ ಅನ್ನಿಸಿದೆ. ತರಗತಿಯಲ್ಲಿ ಮಾತುಗಾರ, ಮೋಸಗಾರ, ಹಾಡುಗಾರ ಎಂಬುವನ್ನು ಕಲಿಸಿದ್ದರು. ಪುಸ್ತಕದಲ್ಲಿ, ಈಗ ಕನ್ನಡ ಲಿಪಿಯಲ್ಲಿ, ಗುಂಡಗೆ ಬರೆದಿತ್ತು:

*ಬಂದೆಗಾರ: 'ಬಂದೆ' ಹೇಳಿ ಬರದವನು.*

ಪೂರ್ಣ ಕ್ರಿಯಾಪದಕ್ಕೆ 'ಗಾರ' ಹತ್ತುವುದು ಯಾವ ಕಾಲದಲ್ಲೂ ಇಲ್ಲ. ಮಂಡ್ಯದ ಆ ಗೆಳೆಯ ಇದ್ದಿದ್ದರೆ ಅಂಚಿನಲ್ಲಿ ಆಕ್ಷೇಪ ಬರೆಯುತ್ತಿದ್ದ. ನಾನು ಆ ಪುಸ್ತಕವನ್ನು ಹಿಡಿದುಕೊಂಡು ಬಹಳ ಹೊತ್ತು ನಕ್ಕೆ. ಮಧ್ಯಾಹ್ನದ ಊಟದ ಹೊತ್ತಿಗೆ ಪದ ನಾಲ್ಕು ಮೇಜು ದಾಟಿತ್ತು. ಲೆಕ್ಕಪತ್ರ ವಿಭಾಗದವರು ಎರಡನೆಯ ಅರ್ಥ ಸೇರಿಸಿದರು: "ಬಂದರೂ ಬಂದ ಕೆಲಸ ಬಿಟ್ಟು ಬೇರೆಲ್ಲ ಮಾಡುವವನು." ಅದು ನಮ್ಮ ಮ್ಯಾನೇಜರರನ್ನು ಕುರಿತದ್ದೆಂದು ಯಾರೂ ಹೇಳಲಿಲ್ಲ, ಯಾರಿಗೂ ಹೇಳಬೇಕಾಗಿಯೂ ಇರಲಿಲ್ಲ. ಸ್ತ್ರೀಲಿಂಗ ಏನಾಗಬೇಕೆಂಬ ಚರ್ಚೆ ಹುಟ್ಟಿ, 'ಹಾಡುಗಾತಿ'ಯ ದಾರಿಯಲ್ಲಿ 'ಬಂದೆಗಾತಿ' ಎಂದು ತೀರ್ಮಾನವಾಯಿತು. ತಾವು ಕಟ್ಟಿದ ಪದಕ್ಕೆ ತಮಗೆ ಗೊತ್ತಿಲ್ಲದ ರೂಪವೊಂದು ಹುಟ್ಟಿದ್ದನ್ನು ಅವರು ಅನುಮಾನದಿಂದಲೇ ಬರೆದುಕೊಂಡರು.

ಕಳೆದ ಶನಿವಾರ ನಾವೆಲ್ಲ ಸೇರಿ ನಂದಿಬೆಟ್ಟಕ್ಕೆ ಹೋಗುವುದೆಂದು ಮಾತಾಗಿತ್ತು. ಬೆಳಿಗ್ಗೆ ಐದಕ್ಕೆ ಹೆಬ್ಬಾಳದ ಮೇಲ್ಸೇತುವೆಯ ಹತ್ತಿರ ಸೇರಬೇಕು. ಐದೂವರೆಯಾಯಿತು, ಎಲ್ಲರೂ ಬಂದರು, ಅವರೊಬ್ಬರ ಸುಳಿವಿಲ್ಲ. ಫೋನ್ ಮಾಡಿದೆ.

"ಎಲ್ಲಿದ್ದೀರಿ ಮೇಡಂ?"

"ಬಂದೆ ಸರ್, ಬಂದೆ" ಎಂದರು. ಹಿಂದೆ ಕುಕ್ಕರಿನ ಎರಡನೆಯ ವಿಷಲ್ ಸ್ಪಷ್ಟವಾಗಿ ಕೇಳಿಸಿತು. ಅವರಿಗೂ ಕೇಳಿಸಿರಬೇಕು. ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ, "ಸರ್, ನಾನು ಬಂದೆಗಾತಿ" ಎಂದರು.